ಒಡೆದ ಪಿಸ್ಟನ್ ಏನು ಹೇಳುತ್ತದೆ? ಕಾಸ್ಟ್, ಫೋರ್ಜ್ಡ್ ಮತ್ತು ಕೂದಲೆಳೆಯ ಲೆಕ್ಕ

ಕಳೆದ ತಿಂಗಳು ಅಕ್ಕನ ಮಗ ಮನೆಗೆ ಬಂದವನೇ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಊಟದ ಟೇಬಲ್ ಮೇಲಿಟ್ಟ. ಒಳಗೆ ಅವನ ಕಾರಿನ ಪಿಸ್ಟನ್. ಮೇಲಿನ ಎರಡು ರಿಂಗ್‌ಗಳ ನಡುವಿನ ಅಂಚು ಉಗುರಗಲ ಮುರಿದು ಹೋಗಿತ್ತು. ಅವನದು ಚಿಕ್ಕ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಕಾರು. ಮೂರು ತಿಂಗಳ ಹಿಂದೆ ಇಸಿಯು ರೀಮ್ಯಾಪ್ ಮಾಡಿಸಿದ್ದ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಏರಿಸಿದ್ದ.

"ಮಾಮ, ಗ್ಯಾರೇಜಲ್ಲಿ ಫೋರ್ಜ್ಡ್ ಹಾಕ್ಸಿ ಅಂತಿದಾರೆ. ಕಾಸ್ಟ್ ಹಾಕಿದ್ರೆ ಮತ್ತೆ ಒಡೆಯುತ್ತಂತೆ. ರೇಟು ನಾಲ್ಕು ಪಟ್ಟು. ಹಾಕಿಸ್ಲಾ?"

ಬೆಂಗಳೂರಿನಲ್ಲಿ ಈಗ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಟರ್ಬೊ ಪೆಟ್ರೋಲ್ ಕಾರುಗಳು ಮನೆಮಾತಾಗಿವೆ. ಲ್ಯಾಪ್‌ಟಾಪ್ ಚುಚ್ಚಿ ಒಂದು ಮಧ್ಯಾಹ್ನದಲ್ಲಿ ಎಂಜಿನ್ನಿನ ಶಕ್ತಿ ಏರಿಸಿ ಕೊಡುವವರಿದ್ದಾರೆ. ಹಳೇ ಯಮಹಾ ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕಿಗೆ ಮರುಜೀವ ಕೊಡುವವರ ಗುಂಪು ಬೇರೆ. ಎಂಜಿನ್ ಬಿಚ್ಚಿದ ದಿನ ಇವರೆಲ್ಲರ ಕಿವಿಗೂ ಬೀಳುವ ಎರಡು ಪದ ಕಾಸ್ಟ್ (ಎರಕದ್ದು) ಮತ್ತು ಫೋರ್ಜ್ಡ್ (ಒತ್ತಿ ರೂಪಿಸಿದ್ದು). ಒಂದು ಅಗ್ಗ, ಇನ್ನೊಂದು ಗಟ್ಟಿ ಅಂತ ಅಂಗಡಿಯಲ್ಲಿ ಹೇಳಿ ಮುಗಿಸುತ್ತಾರೆ. ವಿಷಯ ಅಷ್ಟು ಸರಳವಾಗಿಲ್ಲ.

## ಪಿಸ್ಟನ್ನಿನ ಪಾಡು

ಪಿಸ್ಟನ್ ಎಂದರೆ ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಲೋಹದ ಡಬ್ಬಿ. ಬಾಯಿ ಕೆಳಗೆ ಮಾಡಿ ಬೋರಲು ಹಾಕಿದ ಲೋಟ ಅಂದುಕೊಳ್ಳಿ. ಲೋಟದ ತಳ ಮೇಲಿರುತ್ತದೆ, ಅದಕ್ಕೆ ಕ್ರೌನ್ ಎನ್ನುತ್ತಾರೆ. ಬೆಂಕಿ ಬೀಳುವುದು ಅದರ ಮೇಲೆ. ಅದರ ಕೆಳಗೆ ಸುತ್ತಲೂ ಕೊರೆದ ತೋಡುಗಳಲ್ಲಿ ರಿಂಗ್‌ಗಳು ಕೂರುತ್ತವೆ, ಸಿಲಿಂಡರ್ ಗೋಡೆಗೆ ಒತ್ತಿಕೊಳ್ಳುವ, ಒಂದು ಕಡೆ ಸೀಳಿದ ಲೋಹದ ಬಳೆಗಳು. ಎರಡು ತೋಡುಗಳ ನಡುವಿನ ತೆಳ್ಳನೆ ಅಂಚಿಗೆ ರಿಂಗ್ ಲ್ಯಾಂಡ್ ಎಂದು ಹೆಸರು. ನಮ್ಮ ಹುಡುಗನದು ಮುರಿದದ್ದು ಅದೇ. ಇನ್ನೂ ಕೆಳಗಿನ ಗೋಡೆ ಸ್ಕರ್ಟ್. ಪಿಸ್ಟನ್ ವಾಲದಂತೆ ಸಿಲಿಂಡರಿಗೆ ಒರಗಿ ಜಾರುವುದು ಈ ಸ್ಕರ್ಟ್. ನಡುವೆ ಅಡ್ಡಲಾಗಿ ಒಂದು ಪಿನ್, ಅದಕ್ಕೆ ಕನೆಕ್ಟಿಂಗ್ ರಾಡ್, ಅದರ ಇನ್ನೊಂದು ತುದಿಯಲ್ಲಿ ಗಿರಗಿರ ಸುತ್ತುವ ಕ್ರ್ಯಾಂಕ್.

ಎಂಜಿನ್ 6,000 ಆರ್‌ಪಿಎಂನಲ್ಲಿದ್ದರೆ (ನಿಮಿಷಕ್ಕೆ ಅಷ್ಟು ಸುತ್ತು) ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ಹೊಡೆಯುತ್ತದೆ. ಅಂದರೆ ಪಿಸ್ಟನ್ ಸೆಕೆಂಡಿಗೆ 200 ಸಲ ಪೂರ್ತಿ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡುತ್ತದೆ. 80 ಮಿ.ಮೀ. ಅಗಲದ ಪಿಸ್ಟನ್ ಮೇಲೆ 60 ಬಾರ್ ಒತ್ತಡ (ಸುತ್ತಲಿನ ಗಾಳಿಯ ಒತ್ತಡದ ಸುಮಾರು 60 ಪಟ್ಟು) ಬಿದ್ದರೆ ಅದು ಸುಮಾರು ಮೂರು ಟನ್ ಭಾರಕ್ಕೆ ಸಮ. ಒಂದು ಹೆಣ್ಣಾನೆ ಹತ್ತಿ ನಿಂತ ಹಾಗೆ, ಅದೂ ಸೆಕೆಂಡಿಗೆ 50 ಸಲ. ಟರ್ಬೊ ಇದ್ದರೆ ಆನೆ ಇನ್ನೂ ದಪ್ಪ.

ಬೆಂಕಿಯ ಬಿಸಿ 2,000 ಡಿಗ್ರಿ ದಾಟುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಮಿಶ್ರಲೋಹವೋ 530-550 ಡಿಗ್ರಿಯ ಹೊತ್ತಿಗೇ ಕರಗಲು ಶುರುವಾಗುತ್ತದೆ. ಹಾಗಿದ್ದೂ ಅದು ಉಳಿಯುವುದು ಹೇಗೆ? ಬೆಂಕಿ ಇರುವುದು ಕ್ಷಣಮಾತ್ರ. ಬಿಸಿ ರಿಂಗ್‌ಗಳ ಮೂಲಕ ಸಿಲಿಂಡರ್ ಗೋಡೆಗೂ, ಅಡಿಯಿಂದ ಎಣ್ಣೆಗೂ ಇಳಿದು ಹೋಗುತ್ತಿರುತ್ತದೆ. ಹೀಗಾಗಿ ಕ್ರೌನ್ ಸುಮಾರು 300 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಬಿಸಿ ಇಳಿಯುವ ದಾರಿ ಕಟ್ಟಿಕೊಂಡರೆ ಯಾವ ಪಿಸ್ಟನ್ನೂ ಬದುಕುವುದಿಲ್ಲ.

ಇನ್ನು ವೇಗದ ಹೊರೆ. ಹಳೇ 373 ಸಿಸಿ ಕೆಟಿಎಂ 390 ಬೈಕಿನ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ, 60 ಮಿ.ಮೀ. ಅದು 10,000 ಆರ್‌ಪಿಎಂನಲ್ಲಿ ತುದಿ ಮುಟ್ಟಿ ತಿರುಗುವಾಗ ಪಿಸ್ಟನ್ ಮೇಲೆ ಬೀಳುವ ಎಳೆತ ಅದರ ತೂಕದ ಸುಮಾರು 4,000 ಪಟ್ಟು. 200 ಗ್ರಾಂ ಪಿಸ್ಟನ್ ಆ ಕ್ಷಣಕ್ಕೆ 800 ಕೆ.ಜಿ. ಆದಂತೆ. ಹಳೇ 346 ಸಿಸಿ ಬುಲೆಟ್ಟಿನ ಸ್ಟ್ರೋಕ್ 90 ಮಿ.ಮೀ. ಇದ್ದರೂ ಅದು ನಿಧಾನದ ಪ್ರಾಣಿ. ಅಲ್ಲಿ ಈ ಎಳೆತ ಅರ್ಧವೂ ಇಲ್ಲ. ಏಕೆಂದರೆ ಆರ್‌ಪಿಎಂ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಕೆಟಿಎಂ 390 ಮತ್ತು 2008ರಲ್ಲಿ ಬಂದ ಯಮಹಾ ಆರ್15 ಕಾರ್ಖಾನೆಯಿಂದಲೇ ಫೋರ್ಜ್ಡ್ ಪಿಸ್ಟನ್ ಹೊತ್ತು ಬರುವುದನ್ನು ಈ ಲೆಕ್ಕದ ಜೊತೆ ಇಟ್ಟು ನೋಡಿ.

## ಅಚ್ಚುಬೆಲ್ಲ ಮತ್ತು ಕುಡುಗೋಲು

ಕಾಸ್ಟ್ ಎಂದರೆ ಎರಕ. ಆಲೆಮನೆಯಲ್ಲಿ ಪಾಕವನ್ನು ಅಚ್ಚಿಗೆ ಸುರಿದು ಬೆಲ್ಲ ಮಾಡುವ ಹಾಗೆ, ಕರಗಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಉಕ್ಕಿನ ಅಚ್ಚಿಗೆ ಸುರಿಯುತ್ತಾರೆ. ಆರಿದ ಮೇಲೆ ತೆಗೆದು, ಬೇಕಾದ ಕಡೆ ಕೊರೆದು, ಅಳತೆಗೆ ತರುತ್ತಾರೆ. ಬೇಗ ಆಗುತ್ತದೆ, ಲಕ್ಷಗಟ್ಟಲೆ ಮಾಡಬಹುದು, ಅಗ್ಗ. ಇನ್ನೊಂದು ಅನುಕೂಲವನ್ನು ಯಾರೂ ಹೇಳುವುದಿಲ್ಲ. ಎರಕದಲ್ಲಿ ಬೇಕಾದ ಆಕಾರ ಸಿಗುತ್ತದೆ. ಡೀಸೆಲ್ ಪಿಸ್ಟನ್ನುಗಳ ಒಳಗೆ ಎಣ್ಣೆ ಹರಿಯಲು ಸುರಂಗ ಮಾಡುವುದು, ರಿಂಗ್ ಕೂರುವ ಜಾಗದಲ್ಲಿ ಕಬ್ಬಿಣದ ಬಳೆ ಕೂರಿಸುವುದು ಎಲ್ಲ ಎರಕದಲ್ಲಿ ಸುಲಭ.

ಫೋರ್ಜಿಂಗ್ ಎಂದರೆ ಕುಲುಮೆಯ ಕೆಲಸ. ಕಮ್ಮಾರ ಕಬ್ಬಿಣ ಕಾಯಿಸಿ ಬಡಿದು ಕುಡುಗೋಲು ಮಾಡುತ್ತಾನಲ್ವಾ, ಅದರ ಕಾರ್ಖಾನೆ ರೂಪ. ಗಟ್ಟಿ ಅಲ್ಯೂಮಿನಿಯಂ ತುಂಡನ್ನು ಕರಗದಂತೆ ಮೆತ್ತಗಾಗುವಷ್ಟು ಕಾಯಿಸಿ, ದೊಡ್ಡ ಪ್ರೆಸ್ಸಿನಲ್ಲಿ ಅಚ್ಚಿಗೆ ಒತ್ತುತ್ತಾರೆ. ಆಮೇಲೆ ಬಿಸಿ ಮಾಡಿ ತಣಿಸಿ ಹದ ಕೊಡುತ್ತಾರೆ. ಒತ್ತಿದ ತುಂಡು ಒರಟು ಲೋಟದಂತಿರುತ್ತದೆ. ರಿಂಗಿನ ತೋಡು, ಪಿನ್ನಿನ ತೂತು, ವಾಲ್ವಿಗೆ ಜಾಗ ಎಲ್ಲವನ್ನೂ ಯಂತ್ರದಲ್ಲಿ ಕೊರೆಯಬೇಕು. ದುಡ್ಡು ಹೋಗುವುದು ಅಲ್ಲಿ.

ವ್ಯತ್ಯಾಸ ಒಳಗಿದೆ. ಎರಕ ಆರುವಾಗ ಸಣ್ಣ ಸಣ್ಣ ಗಾಳಿಗುಳ್ಳೆ ಉಳಿಯಬಹುದು, ಇಡ್ಲಿಯೊಳಗೆ ಇರುವ ಹಾಗೆ. ಒತ್ತಿದ ಲೋಹದಲ್ಲಿ ಅವು ಮುಚ್ಚಿಹೋಗಿರುತ್ತವೆ, ಲೋಹದ ಕಣಗಳ ಸಾಲು ಆಕಾರದ ಉದ್ದಕ್ಕೂ ಬಾಗಿ ಹರಿದಿರುತ್ತದೆ. ಅಚ್ಚುಬೆಲ್ಲಕ್ಕೆ ಕಲ್ಲಿನಿಂದ ಕುಟ್ಟಿ ನೋಡಿ, ತುಂಡಾಗುತ್ತದೆ. ಕುಡುಗೋಲಿಗೆ ಕುಟ್ಟಿದರೆ ಬಾಯಿ ಬಾಗೀತು, ಒಡೆಯುವುದಿಲ್ಲ. ಪಿಸ್ಟನ್ನಿನಲ್ಲೂ ಹಾಗೇ. ಎಳೆದು ನೋಡುವ ಪರೀಕ್ಷೆಯಲ್ಲಿ ಪಿಸ್ಟನ್ ಎರಕ ಸುಮಾರು 1 ಶೇಕಡಾ ಹಿಗ್ಗುವಷ್ಟರಲ್ಲೇ ತುಂಡಾಗುತ್ತದೆ. ಫೋರ್ಜ್ಡ್ ಮಿಶ್ರಲೋಹಗಳು 9-10 ಶೇಕಡಾ ಹಿಗ್ಗಿ ಆಮೇಲೆ ಹರಿಯುತ್ತವೆ. ಎಂಜಿನ್ನಿನೊಳಗೆ ಚೂರಾದ ಪಿಸ್ಟನ್ ಸಿಲಿಂಡರ್, ವಾಲ್ವು, ಟರ್ಬೊ ಎಲ್ಲವನ್ನೂ ತಿಂದು ಹಾಕಬಲ್ಲದು. ಬಾಗಿದ ಪಿಸ್ಟನ್ ಹೊಗೆ ಬಿಟ್ಟು ಮುನ್ಸೂಚನೆ ಕೊಡುತ್ತದೆ. ರೇಸಿನವರಿಗೆ ಫೋರ್ಜ್ಡ್ ಮೇಲೆ ಪ್ರೀತಿ ಬರಲು ದೊಡ್ಡ ಕಾರಣ ಇದು.

## ಸಿಲಿಕಾನ್ ಎಂಬ ಜಲ್ಲಿ

ಅಂಗಡಿಯ ಮಾತು ತಪ್ಪುವುದು ಇಲ್ಲಿ. ಮಾಡುವ ವಿಧಾನದಷ್ಟೇ ಮುಖ್ಯವಾದದ್ದು ಮಿಶ್ರಲೋಹ, ಅದರಲ್ಲೂ ಎಷ್ಟು ಸಿಲಿಕಾನ್ ಇದೆ ಅನ್ನುವುದು.

ಅಲ್ಯೂಮಿನಿಯಂ ಹಗುರ, ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ. ಆದರೆ ಬಿಸಿಗೆ ವಿಪರೀತ ಹಿಗ್ಗುತ್ತದೆ, ಬೇಗ ಸವೆಯುತ್ತದೆ. ಎರಡಕ್ಕೂ ಮದ್ದು ಸಿಲಿಕಾನ್. ಕಾಂಕ್ರೀಟಿನಲ್ಲಿ ಜಲ್ಲಿ ಇದ್ದ ಹಾಗೆ ಅದು ಹಿಗ್ಗನ್ನು ತಡೆಯುತ್ತದೆ, ಮೈ ಸವೆಯದಂತೆ ಕಾಯುತ್ತದೆ. ಸಿಲಿಕಾನ್ 12 ಶೇಕಡಾ ದಾಟಿದರೆ, ಸಕ್ಕರೆ ಪಾಕ ತಣ್ಣಗಾದಾಗ ಹರಳು ಕೂರುವಂತೆ, ಅದು ಬೇರೆಯಾಗಿ ಗಟ್ಟಿ ಹರಳುಗಳಾಗಿ ನಿಲ್ಲುತ್ತದೆ. 16-18 ಶೇಕಡಾ ಇರುವ ಇಂಥ ಎರಕದ ಪಿಸ್ಟನ್ನಿಗೆ ಹೈಪರ್‌ಯುಟೆಕ್ಟಿಕ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಸಾದಾ ಎರಕಕ್ಕಿಂತ ಗಟ್ಟಿ, ಕಡಿಮೆ ಹಿಗ್ಗುತ್ತದೆ, ತುಂಬಾ ಬಾಳಿಕೆ. ಆದರೆ ಜಲ್ಲಿ ಜಾಸ್ತಿಯಾದಷ್ಟೂ ಪೆಡಸು.

ಫೋರ್ಜ್ಡ್‌ನಲ್ಲೂ ಎರಡು ಜಾತಿ. 4032 ಎಂಬ ಮಿಶ್ರಲೋಹದಲ್ಲಿ ಸುಮಾರು 12 ಶೇಕಡಾ ಸಿಲಿಕಾನ್ ಇದೆ. 2618ರಲ್ಲಿ ಸಿಲಿಕಾನ್ ಇಲ್ಲವೆಂದೇ ಹೇಳಬೇಕು, ಕಾಲು ಶೇಕಡಾಗಿಂತ ಕಡಿಮೆ. ಬದಲಿಗೆ ತಾಮ್ರ, ಮೆಗ್ನೀಸಿಯಂ, ನಿಕ್ಕಲ್, ಕಬ್ಬಿಣ ಸೇರಿಸಿರುತ್ತಾರೆ. ಬಿಸಿಯಲ್ಲಿ 2618 ತುಂಬಾ ಜಿಗುಟು, ಏಟು ತಡೆಯುತ್ತದೆ. ಆದರೆ ಹಿಗ್ಗು ಜಾಸ್ತಿ, ರಿಂಗಿನ ತೋಡು ಬೇಗ ಸವೆಯುತ್ತದೆ. ಸೀಸನ್ನಿಗೊಮ್ಮೆ ಎಂಜಿನ್ ಬಿಚ್ಚುವ ರೇಸ್ ತಂಡಕ್ಕೆ ಅದೇನೂ ತೊಂದರೆಯಿಲ್ಲ. ಐದು ವರ್ಷ ಬಾನೆಟ್ ಎತ್ತದವನಿಗೆ ತೊಂದರೆ.

ಹಾಗಾಗಿ ಯಾರಾದರೂ "ಫೋರ್ಜ್ಡ್" ಎಂದರೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವುದು, 4032ಓ 2618ಓ? ಉತ್ತರ ಬರದಿದ್ದರೆ ಸ್ವಲ್ಪ ತಡೆದುಕೊಳ್ಳುವುದು ಒಳ್ಳೆಯದು.

## ಕೂದಲೆಳೆಯ ಅಂತರ

80 ಮಿ.ಮೀ. ಪಿಸ್ಟನ್ ತೆಗೆದುಕೊಳ್ಳಿ. ಪ್ರತಿ 100 ಡಿಗ್ರಿ ಬಿಸಿಗೆ ಹೈಪರ್‌ಯುಟೆಕ್ಟಿಕ್ ಎರಕ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ. 4032 ಹೆಚ್ಚುಕಡಿಮೆ ಅಷ್ಟೇ, 0.155. 2618 ಆದರೆ 0.18. ಅದು ಓಡಾಡುವ ಬೀಡು ಕಬ್ಬಿಣದ ಸಿಲಿಂಡರ್ ಹಿಗ್ಗುವುದು 0.09 ಮಾತ್ರ, ಅದೂ ಪಿಸ್ಟನ್ನಿನಷ್ಟು ಬಿಸಿಯಾಗದೆ.

ಅಂದರೆ ಎಂಜಿನ್ ಬಿಸಿಯಾದಂತೆ ಪಿಸ್ಟನ್ ಸಿಲಿಂಡರಿಗೆ ಬಿಗಿಯಾಗುತ್ತಾ ಹೋಗುತ್ತದೆ. ತಣ್ಣಗಿದ್ದಾಗಲೇ ಜಾಗ ಬಿಟ್ಟಿರಬೇಕು. ಈ ಜಾಗಕ್ಕೆ ಕ್ಲಿಯರೆನ್ಸ್ ಎಂದು ಹೆಸರು. 2618ಕ್ಕೆ ಜಾಸ್ತಿ ಬಿಡಬೇಕು. ಕಡಿಮೆ ಬಿಟ್ಟರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ನಮ್ಮ ಮೆಕ್ಯಾನಿಕ್‌ಗಳ ಮಾತಿನಲ್ಲಿ "ಸೀಜ್". ಜಾಸ್ತಿ ಬಿಟ್ಟರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪಿಸ್ಟನ್ ಒಳಗೆ ಅತ್ತಿತ್ತ ಬಡಿಯುತ್ತದೆ, ಟಕ ಟಕ ಸದ್ದು. ಬಿಸಿಯಾದ ಮೇಲೆ ಸದ್ದು ನಿಲ್ಲುತ್ತದೆ. ಆದರೆ ಅಷ್ಟರೊಳಗೆ ರಿಂಗ್ ದಾಟಿ ಒಂದಿಷ್ಟು ಪೆಟ್ರೋಲ್ ಎಣ್ಣೆಗೂ, ಒಂದಿಷ್ಟು ಎಣ್ಣೆ ಬೆಂಕಿಗೂ ಹೋಗಿರುತ್ತದೆ.

ಇಲ್ಲಿ ಒಂದು ಕುತೂಹಲದ ವಿಷಯ. ಪಿಸ್ಟನ್ ಗುಂಡಗಿರುವುದಿಲ್ಲ! ತಣ್ಣಗಿದ್ದಾಗ ಅದು ಕೊಂಚ ಅಂಡಾಕಾರ. ಮೇಲ್ಭಾಗ ಕಿರಿದು, ಸ್ಕರ್ಟಿನ ಹತ್ತಿರ ಅಗಲ. ಮೇಲೆ ಬಿಸಿ ಜಾಸ್ತಿ, ಪಿನ್ನಿನ ಸುತ್ತ ಲೋಹ ಜಾಸ್ತಿ. ಹಾಗಾಗಿ ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಕೆಲಸದ ಬಿಸಿಗೆ ಬಂದಾಗ ಸರಿಯಾಗಿ ಕೂರಲಿ ಅಂತ ಬೇಕೆಂದೇ ಹೀಗೆ ಕೊರೆದಿರುತ್ತಾರೆ. ಪಿಸ್ಟನ್ ಅಳೆಯುವಾಗ ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ, ಪಿಸ್ಟನ್ ಕಂಪನಿ ಹೇಳಿದ ಎತ್ತರದಲ್ಲೇ ಮೈಕ್ರೋಮೀಟರ್ ಹಿಡಿಯಬೇಕು. ಬೇರೆಲ್ಲೋ ಹಿಡಿದು ಸಿಲಿಂಡರ್ ಕೊರೆಸಿದರೆ (ಬೋರ್ ಮಾಡಿಸಿದರೆ) ಎಷ್ಟು ದುಬಾರಿ ಪಿಸ್ಟನ್ ಹಾಕಿದರೂ ವ್ಯರ್ಥ.

ಬೆಂಗಳೂರಿನ ದಿನಚರಿ ನೋಡಿ. ಬೆಳಗ್ಗೆ ತಣ್ಣನೆ ಎಂಜಿನ್, ಮೂರು ಕಿಲೋಮೀಟರ್ ಮಕ್ಕಳ ಶಾಲೆ, ಆಫ್. ಮತ್ತೆ ಸ್ಟಾರ್ಟ್, ಸಿಲ್ಕ್ ಬೋರ್ಡ್. ಇಂಥ ಗಾಡಿಯಲ್ಲಿ ಎಂಜಿನ್ ಪೂರ್ತಿ ಕಾಯ್ದು ಓಡುವ ಹೊತ್ತೇ ಕಡಿಮೆ. ಸಡಿಲವಾಗಿ ಕೂರಿಸಿದ 2618ಗೆ ಇದಕ್ಕಿಂತ ಕೆಟ್ಟ ಊರು ಸಿಗುವುದು ಕಷ್ಟ.

## ಹಾಗಾದರೆ ಅವನ ಪಿಸ್ಟನ್ ಒಡೆದದ್ದು ಏಕೆ?

ಸಿಲಿಂಡರಿನಲ್ಲಿ ಬೆಂಕಿ ಸ್ಪಾರ್ಕ್ ಪ್ಲಗ್ಗಿನಿಂದ ಶುರುವಾಗಿ, ಒಣ ಹುಲ್ಲಿಗೆ ಒಂದು ಕಡೆ ಕಿಡಿ ಇಟ್ಟ ಹಾಗೆ ಹರಡಿಕೊಂಡು ಹೋಗಬೇಕು. ಕೆಲವೊಮ್ಮೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಗಾಳಿ-ಪೆಟ್ರೋಲ್ ಮಿಶ್ರಣ ಬಿಸಿ, ಒತ್ತಡ ತಾಳದೆ ತಾನಾಗಿ ಸ್ಫೋಟಿಸುತ್ತದೆ. ಇದೇ ನಾಕಿಂಗ್. ಒತ್ತಡದ ಅಲೆಗಳು ಪಿಸ್ಟನ್ನಿಗೆ ಸುತ್ತಿಗೆಯಲ್ಲಿ ಬಡಿದಂತೆ ಬಡಿಯುತ್ತವೆ. ಮೊದಲು ಸಾಯುವುದು ಅತಿ ತೆಳ್ಳನೆಯ ಭಾಗ, ಅಂದರೆ ರಿಂಗ್ ಲ್ಯಾಂಡ್.

ಟರ್ಬೊ ಒತ್ತಡ ಏರಿಸಿದರೆ, ಸ್ಪಾರ್ಕನ್ನು ಮುಂಚಿತಗೊಳಿಸಿದರೆ, ಕಡಿಮೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಹಾಕಿದರೆ ನಾಕಿಂಗ್ ಹತ್ತಿರ ಬರುತ್ತದೆ. ಶಕ್ತಿ ಹೆಚ್ಚಿಸುವ ರೀಮ್ಯಾಪ್ ಸಾಮಾನ್ಯವಾಗಿ ಮೊದಲೆರಡನ್ನೂ ಮುಟ್ಟುತ್ತದೆ. ಕಂಪನಿ ಬಿಟ್ಟಿದ್ದ ಸುರಕ್ಷತೆಯ ಅಂಚನ್ನು ತಿಂದು ಅಶ್ವಶಕ್ತಿ ಮಾಡುತ್ತದೆ.

ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಿಗೆ ಇನ್ನೊಂದು ಪೀಡೆಯಿದೆ. ಟಾಪ್ ಗೇರಿನಲ್ಲಿ, 1,500 ಆರ್‌ಪಿಎಂನಲ್ಲಿ ಫ್ಲೈಓವರ್ ಹತ್ತುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದಿರಿ ಅನ್ನಿ. ಸಿಲಿಂಡರಿನೊಳಗಿನ ಎಣ್ಣೆ ಹನಿಯೋ ಮಸಿಯೋ ಸ್ಪಾರ್ಕಿಗಿಂತ ಮೊದಲೇ ಹೊತ್ತಿಕೊಳ್ಳಬಹುದು. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒತ್ತಡ ವಿಪರೀತ ಏರುತ್ತದೆ. ಒಂದೇ ಏಟಿಗೆ ರಿಂಗ್ ಲ್ಯಾಂಡ್ ಹೋದ ಉದಾಹರಣೆಗಳಿವೆ. 2020ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐನ ಎಸ್‌ಪಿ ದರ್ಜೆಯ ಎಂಜಿನ್ ಆಯಿಲ್‌ನಲ್ಲಿ ಇದನ್ನು ತಡೆಯುವ ಪರೀಕ್ಷೆಯೂ ಸೇರಿದೆ. ಡಬ್ಬದ ಮೇಲೆ ಆ ಎರಡಕ್ಷರ ನೋಡಿ ತರುವುದು ಪಿಸ್ಟನ್ ಬದಲಿಸುವುದಕ್ಕಿಂತ ಅಗ್ಗ. ಗೇರ್ ಒಂದು ಕೆಳಗೆ ಇಳಿಸುವುದಕ್ಕಂತೂ ದುಡ್ಡೇ ಬೇಡ.

ಇನ್ನೊಂದು ಕಾರಣ ರಿಂಗಿನ ತುದಿಗಳ ನಡುವಿನ ಸಂದು. ಬಿಸಿ ಹೆಚ್ಚಾದರೆ ರಿಂಗ್ ಉದ್ದವಾಗಿ ಎರಡು ತುದಿ ಒಂದಕ್ಕೊಂದು ಗುದ್ದುತ್ತವೆ. ಆಮೇಲೆ ಹಿಗ್ಗಲು ಜಾಗವಿಲ್ಲದ ರಿಂಗ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಪಿಸ್ಟನ್ನಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ. ಶಕ್ತಿ ಏರಿಸಿದ ಎಂಜಿನ್ನಿಗೆ ಈ ಸಂದು ಜಾಸ್ತಿ ಬೇಕು. ಇದು ಫೋರ್ಜ್ಡ್ ಪಿಸ್ಟನ್ನನ್ನೂ ಬಿಡುವುದಿಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಫೋರ್ಜ್ಡ್ ಹಾಕಿದ್ದರೆ ಬಹುಶಃ ಮೂರು ತಿಂಗಳಿಗೆ ಒಡೆಯುತ್ತಿರಲಿಲ್ಲ. ಆದರೆ ನಾಕಿಂಗ್ ಹಾಗೇ ಇದ್ದರೆ ಅಂಚು ನಿಧಾನಕ್ಕೆ ಬಾಗಿ ರಿಂಗನ್ನು ಹಿಡಿದುಕೊಳ್ಳುತ್ತದೆ, ಸಿಲಿಂಡರಿನ ಮುಚ್ಚಳದ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಇಲ್ಲವೇ ಬೇರಿಂಗ್. ಗಟ್ಟಿ ಪಿಸ್ಟನ್ ಕಾಲಾವಕಾಶ ಕೊಡುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ.

## ನಮ್ಮೂರಿನ ಎತ್ತರದ ಆಟ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತು ಶೇಕಡಾದಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಕಡಿಮೆ ಗಾಳಿ ಎಳೆದುಕೊಳ್ಳುತ್ತದೆ, ನಾಕಿಂಗಿನಿಂದ ಅಷ್ಟೇ ದೂರ ಇರುತ್ತದೆ. ಇಲ್ಲಿ ಅಂಚಿನವರೆಗೆ ಟ್ಯೂನ್ ಮಾಡಿಸಿದ ಗಾಡಿಯನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಒಯ್ದರೆ ಗಾಳಿ ದಟ್ಟ, ಬಿಸಿಲೂ ಜಾಸ್ತಿ. ಇಲ್ಲಿ ಸುಮ್ನಿದ್ದ ಎಂಜಿನ್ ಅಲ್ಲಿ ಟಿಣ್ ಟಿಣ್ ಎನ್ನಬಹುದು.

ಗಾಳಿ-ಪೆಟ್ರೋಲನ್ನು ಕಾರ್ಬ್ಯುರೇಟರ್ ಬೆರೆಸುವ ಹಳೇ ಗಾಡಿಗಳಲ್ಲಿ ಇದು ಇನ್ನೂ ನೇರ. ಬೆಂಗಳೂರಿನ ಗಾಳಿಗೆ ತಕ್ಕ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತು) ಕೂರಿಸಿದ ಆರ್‌ಎಕ್ಸ್ 100 ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎನ್ನುವ ಸ್ಥಿತಿಗೆ ಬರುತ್ತದೆ. ಹೀಗಾದಾಗ ಟೂ ಸ್ಟ್ರೋಕ್ ಎಂಜಿನ್ ಕಾಯ್ದು ಸೀಜ್ ಆಗುವುದು ಸುಲಭ. ಅಂದಹಾಗೆ, ಟೂ ಸ್ಟ್ರೋಕಿನವರು ಫೋರ್ಜ್ಡ್ ಹಾಕಿಸಿದರೆ ಇನ್ನೊಂದು ಜಾಗರೂಕತೆ ಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಕ್ಸಿಲರೇಟರ್ ತಿರುಚಿದರೆ ಪಿಸ್ಟನ್ ಹಿಗ್ಗಿಬಿಡುತ್ತದೆ, ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತದೆ. ತಣ್ಣನೆ ಎಂಜಿನ್ನೂ ಹೀಗೆ ಸೀಜ್ ಆಗುತ್ತದೆ.

## ಯಾರಿಗೆ ಯಾವುದು

ಕಂಪನಿ ಕೊಟ್ಟ ಶಕ್ತಿಯಲ್ಲೇ ಓಡುವ ಗಾಡಿಗೆ ಕಂಪನಿ ಹಾಕಿದ್ದ ಜಾತಿಯ ಪಿಸ್ಟನ್ನೇ ಸರಿ. ಮೊದಲೇ ಫೋರ್ಜ್ಡ್ ಇದ್ದ ಆರ್15 ಅಥವಾ 390ಗೆ ಅಗ್ಗದ ಎರಕ ಹಾಕುವುದೂ ತಪ್ಪು, ಆಫೀಸಿಗೆ ಓಡಾಡುವ ಕಾರಿಗೆ 2618 ಹಾಕುವುದೂ ದಂಡ.

ಸ್ವಲ್ಪ ಶಕ್ತಿ ಏರಿಸಿ, ಒಳ್ಳೆ ಪೆಟ್ರೋಲ್ ಹಾಕಿ, ದಿನವೂ ಓಡಿಸುವವರದು ನಡುವಿನ ದಾರಿ. ಟ್ಯೂನಿಂಗ್ ನೆಟ್ಟಗಿದ್ದರೆ ಒಳ್ಳೆಯ ಎರಕವೇ ತಡೆಯುತ್ತದೆ. ಇನ್ನೂ ಧೈರ್ಯ ಬೇಕಿದ್ದರೆ 4032. ಹಿಗ್ಗು ಹೆಚ್ಚುಕಡಿಮೆ ಎರಕದಷ್ಟೇ ಆದ್ದರಿಂದ ಸದ್ದು ಕಡಿಮೆ. ಟರ್ಬೊ ಒತ್ತಡವನ್ನು ತುಂಬಾ ಏರಿಸಿದ, ನೈಟ್ರಸ್ (ಶಕ್ತಿ ಏರಿಸುವ ಅನಿಲ) ಹಾಕಿದ, ಟ್ರ್ಯಾಕಿನಲ್ಲೇ ಬದುಕುವ ಎಂಜಿನ್ನಿಗೆ 2618.

ಫೋರ್ಜ್ಡ್ ಎಂದರೆ ಹಗುರ ಎನ್ನುವ ಮಾತನ್ನು ನಂಬಬೇಡಿ. ಗಟ್ಟಿ ಇರುವುದರಿಂದ ತೆಳ್ಳಗೆ ಮಾಡಬಹುದು ನಿಜ. ಕೆಲವರು ಮಾಡುವುದಿಲ್ಲ. ತಕ್ಕಡಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಹಳೆಯದಕ್ಕೂ ಹೊಸದಕ್ಕೂ ತೂಕದ ವ್ಯತ್ಯಾಸ ದೊಡ್ಡದಿದ್ದರೆ, ಅದರಲ್ಲೂ ಸಿಂಗಲ್ ಸಿಲಿಂಡರ್ ಬೈಕಿನಲ್ಲಿ, ನಡುಕ ಬದಲಾಗುತ್ತದೆ.

ಕಾನೂನಿನ ಮಾತೂ ಇದೆ. ಸಿಸಿ ಹೆಚ್ಚಿಸುವ ದೊಡ್ಡ ಬೋರ್ ಕಿಟ್ ಹಾಕಿದರೆ ಆರ್‌ಸಿಯಲ್ಲಿರುವ ವಿವರಕ್ಕೆ ಗಾಡಿ ಹೊಂದುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂಥ ಬದಲಾವಣೆಯನ್ನು ತಡೆಯುತ್ತದೆ.

## ಲೇತ್ ಅಂಗಡಿಯಲ್ಲಿ

ಅವನನ್ನು ಕರೆದುಕೊಂಡು ಕಲಾಸಿಪಾಳ್ಯದ ಕಡೆಯ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಪಿಸ್ಟನ್ನನ್ನು ಬೋರಲು ಹಾಕಿ ಅಡಿಭಾಗಕ್ಕೆ ಬೆಳಕು ಹಿಡಿದರು. ಅಚ್ಚು ಕೂಡಿದ ಗೆರೆ, ಒರಟು ಗುಳಿಗಳು ಕಂಡವು. ಎರಕ. ಫೋರ್ಜ್ಡ್ ಆದರೆ ಒಳಮೈ ನುಣುಪಾಗಿ, ಸರಳವಾಗಿ, ಅಲ್ಲಲ್ಲಿ ಯಂತ್ರ ಕೊರೆದ ಗೆರೆಗಳಿರುತ್ತವೆ. ಬಾಕ್ಸಿನ ಮೇಲೆ ಏನೇ ಬರೆದಿರಲಿ, ನೋಡಬೇಕಾದದ್ದು ಅಡಿ.

ಆಮೇಲೆ ಬೋರ್ ಗೇಜ್ ಇಳಿಸಿ ಸಿಲಿಂಡರ್ ಅಳೆದರು. ಮುರಿದ ಚೂರು ಗೋಡೆಯ ಮೇಲೆ ಗೀರು ಹಾಕಿತ್ತು. ಅರ್ಧ ಮಿಲಿಮೀಟರ್ ದೊಡ್ಡದು ಮಾಡಲೇಬೇಕು, ಅಂದರೆ 0.50 ಓವರ್‌ಸೈಜ್ ಪಿಸ್ಟನ್. ಹುಡುಗ ತಕ್ಷಣ, "ಇವತ್ತೇ ಬೋರ್ ಮಾಡಿಬಿಡಿ ಸಾರ್, ಪಿಸ್ಟನ್ ಯಾವ್ದು ಅಂತ ಆಮೇಲೆ ನೋಡ್ತೀನಿ" ಅಂದ.

ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಮೊದ್ಲು ಪಿಸ್ಟನ್ ತಗೊಂಡ್ಬಾ ಕಣಪ್ಪ. ಅದನ್ನ ಅಳೆದು, ಅದರ ಚೀಟೀಲಿ ಎಷ್ಟು ಗ್ಯಾಪ್ ಬರ್ದಿದಾರೋ ಅಷ್ಟಕ್ಕೆ ನಾನು ಬೋರ್ ಮಾಡ್ತೀನಿ. ಹೊಲಿಗೆ ಆದ್ಮೇಲೆ ಮೈ ಅಳತೆ ಕೊಡ್ತಾರಾ?"

ರೀಮ್ಯಾಪ್ ತೆಗೆಸಿ ಕಂಪನಿ ಫೈಲ್ ವಾಪಸ್ ಹಾಕಿಸಲು ಅವನು ಒಪ್ಪಿದ್ದಾನೆ. 0.50 ಓವರ್‌ಸೈಜಿನ ಎರಕದ ಪಿಸ್ಟನ್ ಆರ್ಡರ್ ಮಾಡಿದ್ದಾನೆ, ಬರಲು ಎರಡು ವಾರ. ಅಲ್ಲಿಯವರೆಗೆ ಆಫೀಸಿಗೆ ಮೆಟ್ರೊ.